ಕಲ್ಲು ಕೊಟ್ಟ ಅಂಕಿ

ನಮ್ಮೂರಿನಲ್ಲಿ ಬಾಗಿಲ ಮೇಲಿನ ಅಂಕಿಯನ್ನು ಯಾರೂ ಬಾಯಿಬಿಟ್ಟು ಓದುವುದಿಲ್ಲ. ಶಾಲೆಗೆ ಸೇರಿದ ಮಗುವಿಗೆ ಮೊದಲು ಕಲಿಸುವುದೇ ಅದನ್ನು: ಎಣಿಸುವುದಾದರೆ ಬೆರಳಲ್ಲಿ ಎಣಿಸು, ತುಟಿ ಅಲ್ಲಾಡಿಸಬೇಡ. ಬೇರೆ ಊರುಗಳಲ್ಲಿ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದರೆ ಸಾಕಂತೆ, ಬಂದದ್ದು ಓದಿಕೊಂಡು ಸುಮ್ಮನೆ ತಿರುಗಿ ಹೋಗುತ್ತದಂತೆ. ಕೇಳಿದರೆ ನನಗೆ ನಗು ಬರುತ್ತದೆ. ನಮ್ಮ ಕ್ವಾರಿಯಲ್ಲಿರುವುದು ಅಷ್ಟು ದಡ್ಡ ಅಲ್ಲ.

ಊರಿನ ಪಡುವಣಕ್ಕೆ ಕೆಂಪು ಕಲ್ಲಿನ ಹಳೆಯ ಕ್ವಾರಿ ಇದೆ. ದಿನವೂ ದೀಪ ಹಚ್ಚುವ ಹೊತ್ತಿಗೆ ಅಲ್ಲಿಂದ ಒಂದು ದನಿ ಆರು ಅಂಕಿಗಳನ್ನು ಒಂದೊಂದಾಗಿ ಕೂಗುತ್ತದೆ. ಊರಿನಲ್ಲಿರುವುದು ಮುನ್ನೂರ ಹನ್ನೆರಡು ಮನೆ. ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ಪಾಟಿ, ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಆರು ಅಂಕಿ. ಕೂಗಿದ್ದು ಯಾರ ಪಾಟಿಗೂ ಹೊಂದದಿದ್ದರೆ ಊರು ಉಸಿರು ಬಿಟ್ಟು ಒಲೆ ಹಚ್ಚುತ್ತದೆ. ಹೊಂದಿದರೆ ಆ ಮನೆಯವರು ಎದ್ದು ಹೋಗುತ್ತಾರೆ. ಉಣ್ಣುತ್ತಿದ್ದವರು ಕೈ ತೊಳೆಯದೆ, ತಲೆ ಬಾಚುತ್ತಿದ್ದವರು ಬಾಚಣಿಗೆ ಕೂದಲಲ್ಲೇ ಬಿಟ್ಟು ಕ್ವಾರಿಯ ದಾರಿ ಹಿಡಿಯುತ್ತಾರೆ. ತಡೆಯಲು ಹೋದವರ ಕೈಯಲ್ಲಿ ಹರಿದ ಸೆರಗೋ ಅಂಗಿಯ ಗುಂಡಿಯೋ ಉಳಿಯುತ್ತದೆ, ಅಷ್ಟೇ. ಪಾಟಿ ಖಾಲಿ ಬಿಟ್ಟು ನೋಡಿದವರಿದ್ದರು; ಅಂಥವರ ಮನೆಗಳೇ ಮೊದಲು ಖಾಲಿಯಾದವು. ಊರು ಬಿಟ್ಟು ಹೋಗಬಾರದೇ ಎಂದು ಕೇಳುವವರು ಈ ಊರಿನವರಲ್ಲ.

ಮನೆಯೊಂದು ಹೋದ ಮರುದಿನದಿಂದ ಕ್ವಾರಿಯ ದನಿ ಬದಲಾಗುತ್ತದೆ. ಕೊನೆಗೆ ಹೋದವರ ದನಿ ಅದಕ್ಕೆ ಬರುತ್ತದೆ. ಇದನ್ನು ಎಲ್ಲರೂ ಬಲ್ಲರು, ಯಾರೂ ಆಡಿಕೊಳ್ಳುವುದಿಲ್ಲ.

ನಾನು ಅಂಬವ್ವ. ಹನ್ನೊಂದು ವರ್ಷದಿಂದ ಅಂಕಿಮನೆಯಲ್ಲಿ ಕೂತಿದ್ದೇನೆ. ಮುನ್ನೂರ ಹನ್ನೆರಡು ಮನೆಗೆ ದಿನದ ಅಂಕಿ ತೆಗೆದು, ಚೀಟಿಯಲ್ಲಿ ಬರೆದು ಮಡಚಿ, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮುಟ್ಟಿಸುವುದು ನನ್ನ ಕೆಲಸ. ಒಂಟಿ ಹೆಂಗಸಿಗೆ ಊರೆಲ್ಲ ನೆಂಟರಾಗುವ ಕೆಲಸ ಅದು. ನನ್ನ ಮನೆಯ ಗೋಡೆಗೆ ಗೋಡೆ ಅಂಟಿಕೊಂಡಂತೆ ನನ್ನ ತಂಗಿ ತುಂಗವ್ವನ ಮನೆ. ಅವಳ ಗಂಡ ಫಕೀರಪ್ಪ ಕಲ್ಲಿಗೆ ಪಾಲಿಶ್ ಹಾಕುವವನು. ಅವರಿಗೆ ಐದು ತಿಂಗಳ ಹೆಣ್ಣುಕೂಸು.

ನನ್ನ ಅಜ್ಜಿಯ ಕಾಲದಲ್ಲಿ ಅವರವರ ಅಂಕಿಯನ್ನು ಅವರವರೇ ಆರಿಸುತ್ತಿದ್ದರು. ಮನುಷ್ಯ ಆರಿಸುವುದೆಂದರೆ ಇನ್ನೇನು, ಮಗ ಹುಟ್ಟಿದ ದಿನ, ಮದುವೆಯಾದ ದಿನ, ಇಲ್ಲವೇ ಕಣ್ಣುಮುಚ್ಚಿ ಬರೆದೆ ಎಂದುಕೊಂಡು ಮತ್ತೆ ಮತ್ತೆ ಅದೇ ಏಳು, ಅದೇ ಮೂರು. ತಿಂಗಳಿಗೆ ಎರಡು ಮನೆ ಹೋಗುತ್ತಿದ್ದವು. ಆಮೇಲೆ ಊರವರು ಒಂದು ಕಂಪ್ಯೂಟರ್ ತಂದರು. ಬೆಳಗ್ಗೆ ಅದಕ್ಕೊಂದು ಅಂಕಿ ಕೊಟ್ಟರೆ ಅದನ್ನು ಗುಣಿಸಿ, ಕೂಡಿಸಿ, ಬಾಲ ಕತ್ತರಿಸಿ ಇನ್ನೊಂದು ಕೊಡುತ್ತಿತ್ತು, ಅದರಿಂದ ಮತ್ತೊಂದು. ನೋಡಲು ತಲೆಬುಡ ಇಲ್ಲದ ಅಂಕಿಗಳು. ಮೂರು ತಿಂಗಳು ಊರು ಹಾಯಾಗಿತ್ತು. ನಾಲ್ಕನೆಯ ತಿಂಗಳು ಒಂದೇ ವಾರದಲ್ಲಿ, ದಿನಕ್ಕೊಂದರಂತೆ, ಏಳು ಮನೆ ಹೋದವು. ಐದನೆಯದು ನಮ್ಮದು. ಆ ಸಂಜೆ ನಾನು ತುಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಸೋದರಮಾವನ ಮನೆಗೆ ಹೋಗಿದ್ದೆ. ವಾಪಸು ಬಂದಾಗ ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಬರುತ್ತಿತ್ತು, ಅಪ್ಪ ಅವ್ವ ಇರಲಿಲ್ಲ. ನನಗೆ ಹದಿನಾರು, ಅವಳಿಗೆ ನಾಲ್ಕು.

ಅದರ ಗುಟ್ಟು ಬಿಡಿಸಿದವರು ರೇಡಿಯೋ ರಿಪೇರಿ ಮಾಡುತ್ತಿದ್ದ ಬಡಿಗೇರ ಮೌನೇಶಪ್ಪ. ಊರಿಗೆಲ್ಲ ಅವರು ಕಾಕಾ. ಪಂಚರ ಮುಂದೆ ಕಂಪ್ಯೂಟರಿನ ತಲೆಯ ಮೇಲೆ ಒಂದು ಏಟು ಕೊಟ್ಟು ಹೇಳಿದರಂತೆ: “ಇದು ಬೆರಳು ಮಡಚಿ ಲೆಕ್ಕಾ ಹಾಕ್ತೈತ್ರೋ. ಒಂದು ಅಂಕಿ ಸಿಕ್ರ ಮುಂದಿಂದೆಲ್ಲ ಸಿಕ್ಕಂಗ. ಇದು ಹಾಕೋ ಲೆಕ್ಕಾನ ಕ್ವಾರ್ಯಾಗಿಂದು ಹಾಕೂದಿಲ್ಲಂತ ಯಾರು ಹೇಳ್ಯಾರ ನಿಮಗ?”

ಅವರು ಮಟಮಟ ಮಧ್ಯಾಹ್ನ ಒಬ್ಬರೇ ಕ್ವಾರಿಗೆ ಇಳಿದು ಮುಷ್ಟಿಗಾತ್ರದ ಕಲ್ಲೊಂದನ್ನು ತಂದರು. ಸೀಸದ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಮುಂದೆ ಒಂದು ಗಾಜಿನ ನಳಿಗೆ ಹಿಡಿದರು. ಕಲ್ಲು ಟಿಕ್ ಅನ್ನತೊಡಗಿತು. ಒಳಗೆ ಅಣು ಒಡೆದಾಗ ಒಂದು ಟಿಕ್; ಆಮೇಲೆ ಸುಮ್ಮನೆ; ಆಮೇಲೆ ಟಿಕ್ ಟಿಕ್ ಎಂದು ಎರಡು ಒಟ್ಟಿಗೆ. ಹಿಂದಿನ ಬಿಡುವಿಗಿಂತ ಈ ಬಿಡುವು ಉದ್ದವಾದರೆ ಕಂಪ್ಯೂಟರ್ ಒಂದು ಎಂದು ಬರೆದುಕೊಳ್ಳಬೇಕು, ಗಿಡ್ಡವಾದರೆ ಸೊನ್ನೆ. ಅಂಥ ಒಂದು, ಸೊನ್ನೆಗಳ ಸರ ಕಟ್ಟಿ ಮನೆಗೊಂದು ಅಂಕಿ ತೆಗೆಯಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಟಿಕ್ಕಿಸಿದರೆ ಊರಿಗೆಲ್ಲ ಸಾಲುತ್ತದೆ. ಪೆಟ್ಟಿಗೆಯನ್ನು ನನಗೆ ಒಪ್ಪಿಸಿದ ದಿನ ಕಾಕಾ ಹೇಳಿದ್ದು ನೆನಪಿದೆ: “ಯಾವಾಗ ಟಿಕ್ ಅನ್ನಬೇಕಂತ ಆ ಕಲ್ಲಿಗೇ ಗೊತ್ತಿಲ್ಲ. ಕಲ್ಲಿಗೇ ಗೊತ್ತಿಲ್ಲದ್ದು ಅದಕ್ಕ ಹೆಂಗ ಗೊತ್ತಾಗಬೇಕು? ಕಲ್ಲಿಗೆ ನಿನ್ನ ಮ್ಯಾಲ ಪ್ರೀತೀನೂ ಇಲ್ಲ, ಸಿಟ್ಟೂ ಇಲ್ಲ. ಬಂದದ್ದು ಬಂದಂಗ ಹಂಚು, ಅಂಬವ್ವಾ.”

ಹಾಗೆ ಹಂಚಿದರೂ ಅಪಾಯ ಪೂರಾ ತಪ್ಪುವುದಿಲ್ಲ. ಇರುವ ಹತ್ತು ಲಕ್ಷ ಅಂಕಿಗಳಲ್ಲಿ ಮುನ್ನೂರ ಹನ್ನೆರಡು ನಮ್ಮ ಬಾಗಿಲ ಮೇಲಿರುತ್ತವೆ. ಕಣ್ಣುಕಟ್ಟಿಕೊಂಡು ಕೂಗಿದರೂ ಎಂಟೊಂಬತ್ತು ವರ್ಷಕ್ಕೊಮ್ಮೆ ಯಾರಿಗಾದರೂ ತಾಗಲೇಬೇಕು. ಅಷ್ಟನ್ನು ಊರು ಒಪ್ಪಿಕೊಂಡಿತ್ತು. ಬಾವಿಯಿರುವ ಊರಿನವರು ಬಾವಿಯನ್ನು ಒಪ್ಪಿಕೊಳ್ಳುವ ಹಾಗೆ.

ಕಾಕಾನ ಕಣ್ಣು ಹೋದ ಮೇಲೆ ಕುರ್ಚಿ ನನ್ನದಾಯಿತು. ನಾನು ಕೆಟ್ಟವಳಲ್ಲ, ನನ್ನ ರೋಗವೇ ಅದು. ಒಂದು ದಿನ ಮುದುಕಿಯೊಬ್ಬಳಿಗೆ ಆರೂ ಅಂಕಿ ನಾಲ್ಕೇ ಬಂದವು. ಚೀಟಿ ಹಿಡಿದುಕೊಂಡು ಬಂದು ನನ್ನ ಕಾಲಿಗೆ ಬಿದ್ದಳು. ಒಂದು ಅಂಕಿ ತಿದ್ದಿಕೊಟ್ಟೆ, ಹರಸಿ ಹೋದಳು. ಸುದ್ದಿ ನಿಲ್ಲುತ್ತದೆಯೇ? ಮೂರು ಒಂದೇ ಥರ ಬಂದವರು ಬಂದರು, ಆಮೇಲೆ ಎರಡು ಬಂದವರು. ಮೊದಲಲ್ಲಿ ಸೊನ್ನೆ ಬೇಡ ಎಂದವರಿಗೆ ಸೊನ್ನೆ ತೆಗೆದೆ, ಎಂಟು ಆಗಿಬರುವುದಿಲ್ಲ ಎಂದವರಿಗೆ ಎಂಟು ತೆಗೆದೆ. ಬರಬರುತ್ತ ಯಾರೂ ಕೇಳದಿದ್ದರೂ ನನ್ನ ಕೈಯೇ ತಿದ್ದತೊಡಗಿತು. ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ಸಲೀಸು. ಚೊಕ್ಕ ಅಂಕಿ ಕೊಡುತ್ತಾಳೆ ಅಂಬವ್ವ ಎಂದು ಹೆಸರಾಯಿತು. ಸುಳ್ಳೇಕೆ ಹೇಳಲಿ, ಹೆಮ್ಮೆಯಾಗುತ್ತಿತ್ತು.

ತುಂಗಿ ಹೆತ್ತ ದಿನ ಅವಳ ಮನೆಗೆ ಕಲ್ಲು ಕೊಟ್ಟದ್ದು ನಾಲ್ಕು ಒಂದು ಏಳು ಏಳು ಆರು ಮೂರು. ಏಳು ಎರಡು ಸಲ ಬಂತಲ್ಲ ಎಂದು ಎರಡನೆಯದನ್ನು ಎರಡು ಮಾಡಿದೆ. ನಾಲ್ಕು ಒಂದು ಏಳು ಎರಡು ಆರು ಮೂರು. ಅದು ಕೂಸು ತಂದ ಅಂಕಿ ಎಂದು ತುಂಗಿ ಹಿಗ್ಗಿ ಹೋದಳು. ಬಾಯಲ್ಲಿ ಹೇಳುವಂತಿಲ್ಲವಲ್ಲ, ಕೂಸಿನ ತಲೆಗೆ ಕಟ್ಟುವ ಕುಂಚಿಗೆಯ ಅಂಚಿಗೆ ಕೆಂಪು ದಾರದಲ್ಲಿ ಆ ಆರು ಅಂಕಿಗಳನ್ನು ಕಸೂತಿ ಹಾಕಿದಳು. ನಾನೂ ನೋಡಿ ಚೆಂದ ಐತಿ ಎಂದೆ.

ಹೋದ ತಿಂಗಳು ದರ್ಜಿ ಬಸಲಿಂಗಪ್ಪನ ಮನೆ ಹೋಯಿತು. ಹಿಂದಿನ ಸಲ ಮನೆ ಹೋಗಿ ಎರಡು ವರ್ಷವೂ ಆಗಿರಲಿಲ್ಲ. ಬಸಲಿಂಗಪ್ಪ ಯಾವಾಗಲೂ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವನು. ಮರುದಿನ ಸಂಜೆ ಕ್ವಾರಿಯ ದನಿ ಸೂಜಿ ಕಚ್ಚಿದ ತುಟಿಗಳ ನಡುವಿನಿಂದ ಬಂತು.

ವಾರ ಕಳೆದ ಮೇಲೆ ಮೌನೇಶಪ್ಪ ಕಾಕಾ ಹೇಳಿಕಳಿಸಿದರು. ಕಟ್ಟೆಯ ಮೇಲೆ ಕೂತಿದ್ದರು. ನನ್ನ ಕೈ ಹಿಡಿದು ತಮ್ಮ ಅಂಗಿಯ ಎಡಗಿಸೆಯೊಳಗೆ ಹಾಕಿದರು. ಹುಣಸೆಬೀಜಗಳು, ಕಿಸೆ ತುಂಬ.

“ನಲವತ್ತು ಅದಾವ. ನಲವತ್ತು ಸಂಜಿ. ಅದು ಕೂಗಿದ್ರಾಗ ಯಾವುದರ ಅಂಕಿ ಎರಡು ಸಲ ಬಂದ್ರ ಒಂದು ಬೀಜ ಎಡಗಡಿಯಿಂದ ಬಲಗಡಿ ಹಾಕ್ತೀನಿ. ಹತ್ತರಾಗ ಎಂಟು ಸಲ ಹಂಗ ಬರಬೇಕು. ಮೊದಲ ಬರ್ತಿತ್ತು. ಈಗ ಬಲಗಿಸೆ ಮುಟ್ಟಿ ನೋಡು.”

ಬಲಗಿಸೆಯಲ್ಲಿ ಏನೂ ಇರಲಿಲ್ಲ.

“ಎಂಟೂ ಕೂಗಿಲ್ಲ, ಮೊದಲಿಗೆ ಸೊನ್ನೀನೂ ಕೂಗಿಲ್ಲ,” ಎಂದರು. “ಅದು ಯಾರದೋ ಕೈ ನೋಡಿ ಕಲ್ತೈತಿ. ಖರೇ ಹೇಳವ್ವಾ, ನೀ ಏನರ ಕೈಯಾಡಿಸೀಯೇನು?”

ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಹುಚ್ಚಿ,” ಎಂದರು ಮೆಲ್ಲಗೆ. “ಎರಡೆರಡು ಸಲ ಬರೂದು, ಸೊನ್ನಿ ಬರೂದು, ಒಂದೇ ಸಾಲಾಗಿ ಬರೂದು, ಅದೆಲ್ಲಾ ಬಂದ್ರನ ಅದು ಲಂಗುಲಗಾಮು ಇಲ್ಲದ ಅಂಕಿ. ನೀ ಆರಿಸಿ ಆರಿಸಿ ಹತ್ತು ಲಕ್ಷದಾಗ ಐವತ್ತು ಸಾವಿರ ಉಳಿಸೀದಿ. ಅದು ನಮ್ಮನ್ನ ದೊಡ್ಡ ಅಡವ್ಯಾಗ ಹುಡುಕ್ತಿತ್ತು. ನೀ ಕೈ ಹಿಡಿದು ಒಂದು ಓಣಿಗೆ ಕರ್ಕೊಂಡು ಬಂದು ನಿಲ್ಲಿಸಿದಿ.”

“ಬಸಲಿಂಗಪ್ಪ?” ಎಂದೆ.

ಅವರು ಕಿಸೆಯ ಬೀಜಗಳಲ್ಲಿ ಕೈಯಾಡಿಸುತ್ತ ಕೂತರು. ನಾನು ಅಳುತ್ತ ಮನೆಗೆ ಬಂದೆ.

ಮರುದಿನ ಕಲ್ಲು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಬರೆದೆ. ಜೋಡಿ ಬಂದರೆ ಜೋಡಿ, ಎಂಟು ಬಂದರೆ ಎಂಟು. ಕೈ ಎಷ್ಟು ಸಲ ತಾನಾಗಿ ತಿದ್ದಲು ಹೋಯಿತೋ ಲೆಕ್ಕವಿಲ್ಲ. ಬುಟ್ಟಿ ಹೊತ್ತು ಹೋದಾಗ ಓಣಿಯೆಲ್ಲ ಮುಖ ಸಿಂಡರಿಸಿತು. ಅಂಬವ್ವನ ಕೈ ಕೆಟ್ಟಿತೇ ಎಂದವರಿದ್ದರು. ಕೊನೆಗೆ ತುಂಗಿಯ ಮನೆ. ಚೀಟಿ ಬಿಡಿಸಿ ನೋಡಿ ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. ಐದು ಸೊನ್ನೆ, ಕೊನೆಗೊಂದು ಏಳು.

“ಅಕ್ಕಾ, ಇದೇನಿದು?” ಎಂದಳು ಪಿಸುದನಿಯಲ್ಲಿ. “ಮನಿ ಸೊನ್ನಿ ಆಗ್ಲಿ ಅಂತ ಬರದು ಕೊಟ್ಟಂಗೈತಿ.”

“ಕಲ್ಲು ಕೊಟ್ಟೈತಿ ತುಂಗಿ. ನಾ ಕೊಟ್ಟಿದ್ದಲ್ಲ.”

“ಇಷ್ಟು ದಿನಾ ಕೊಟ್ಟಾಕಿ ನೀನೇ ಅಲ್ಲೇನು? ಕೂಸಿನ ಮಾರಿ ನೋಡು. ಒಂದೇ ಒಂದು ಅಂಕಿ ತಿದ್ದು. ಯಾರಿಗಿ ಗೊತ್ತಾಗ್ತೈತಿ?”

“ಅದಕ್ಕ ಗೊತ್ತಾಗ್ತೈತಿ,” ಎಂದೆ. “ನಾ ತಿದ್ದಲಿ ಅಂತನ ಅದು ಕಾಯ್ತೈತಿ. ಇದನ್ನ ಹಂಗ ಬಿಟ್ರ ನಿಂಗ ಏನೂ ಆಗೂದಿಲ್ಲ. ನನ್ನ ಮಾತು ಕೇಳು.”

ನಾನೇ ಸೀಮೆಸುಣ್ಣ ತೆಗೆದುಕೊಂಡು ಅವಳ ಪಾಟಿಯ ಮೇಲೆ ಐದು ಸೊನ್ನೆ, ಒಂದು ಏಳು ಬರೆದೆ. ಏಳು ಸೊಟ್ಟಗಾಯಿತು. ಅವಳನ್ನು ಬೆಳೆಸಿದವಳು ನಾನು. ಮಡಿಲಲ್ಲಿ ಕೂರಿಸಿಕೊಂಡು ಬೆರಳಲ್ಲಿ ಎಣಿಸಲು ಕಲಿಸಿದವಳು ನಾನು. ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ಬಗೆ, ನಾನು ಯಾರೋ ಹೊರಗಿನವಳು ಎಂಬಂತಿತ್ತು. ಆದರೂ ತಿದ್ದಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲ್ಲರಂತೆ ನಾನೂ ಹೊಸ್ತಿಲ ಒಳಗೆ ಕೂತೆ. ಸೂಜಿ ಕಚ್ಚಿದ ತುಟಿಗಳ ದನಿ ಬಂತು. ನಾಲ್ಕು. ಒಂದು. ಏಳು. ಎರಡು. ಕೂತಲ್ಲೇ ಹೊಸ್ತಿಲು ಹಿಡಿದುಕೊಂಡೆ. ಆರು. ಮೂರು. ಕುಂಚಿಗೆಯ ಅಂಕಿ. ಮರುಕ್ಷಣವೇ ನನಗೆ ನೆಮ್ಮದಿಯಾಯಿತು, ಆ ನೆಮ್ಮದಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅದು ಹಳೆಯ ನನ್ನನ್ನು ಹುಡುಕುತ್ತಿದೆ, ಇವತ್ತು ಆ ಅಂಕಿ ಯಾರ ಬಾಗಿಲಲ್ಲೂ ಇಲ್ಲ, ಗೆದ್ದೆ ಎಂದುಕೊಂಡೆ.

ಆಗ ಪಕ್ಕದ ಮನೆಯ ಅಗುಳಿ ಸರಿದ ಸದ್ದು ಕೇಳಿತು.

ಫಕೀರಪ್ಪ ಮುಂದೆ, ತುಂಗಿ ಹಿಂದೆ. ಕೂಸು ಅವಳ ಹೆಗಲ ಮೇಲಿಂದ ನನ್ನ ಕಡೆ ಮುಖ ಮಾಡಿತ್ತು. ಅದರ ಕಣ್ಣು ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ಓಡಿಹೋಗಿ ತುಂಗಿಯ ತೋಳು ಹಿಡಿದೆ, ಜಗ್ಗಿದೆ, ಹೆಸರು ಹಿಡಿದು ಕೂಗಿದೆ. ಎತ್ತು ಎಳೆದುಕೊಂಡು ಹೋದ ಹಾಗೆ ಹೋದಳು. ನನ್ನ ಕೈಯಲ್ಲಿ ಕೂಸಿನ ಕುಂಚಿಗೆ ಉಳಿಯಿತು. ಓಣಿಯ ಒಂದು ಬಾಗಿಲೂ ತೆರೆಯಲಿಲ್ಲ. ತೆರೆಯುವುದಿಲ್ಲ, ಅದು ನಮ್ಮೂರಿನ ರೂಢಿ.

ಅವಳ ಪಾಟಿಯ ಮೇಲೆ ದುಂಡನೆಯ ಅಕ್ಷರದಲ್ಲಿ ಕುಂಚಿಗೆಯ ಅಂಕಿ ಇತ್ತು. ಅಡಿಯಲ್ಲಿ, ಸೆರಗಿನಿಂದ ಒರೆಸಿದ ಸುಣ್ಣದ ಮಸುಕಿನಲ್ಲಿ, ನಾನು ಬರೆದ ಐದು ಸೊನ್ನೆ ಮತ್ತು ಸೊಟ್ಟ ಏಳು ಇನ್ನೂ ಕಾಣುತ್ತಿದ್ದವು. ಹೆದರಿದಾಗ ಅವಳು ನೆಚ್ಚಿದ್ದು ಕಲ್ಲನ್ನಲ್ಲ, ನನ್ನನ್ನು. ನಾನು ತಿದ್ದಿಕೊಟ್ಟ ಅಂಕಿಯನ್ನು.

ಮರುದಿನ ಸಂಜೆ ಕ್ವಾರಿಯಿಂದ ತುಂಗಿಯ ದನಿ ಬಂತು. ಎರಡು ಎನ್ನುವಾಗ ಕೊನೆಯಲ್ಲಿ ಚೂರು ಎಳೆಯುವುದು ಅವಳ ಚಿಕ್ಕಂದಿನ ಚಾಳಿ. ನಾಲ್ಕು ಒಂದು ಏಳು ಎರಡು ಆರು ಮೂರು. ಅದರ ಮರುದಿನವೂ ಅದೇ. ಕ್ವಾರಿ ಒಂದೇ ಅಂಕಿಯನ್ನು ಎರಡು ದಿನ ಕೂಗಿದ್ದು ಊರಿನ ನೆನಪಿನಲ್ಲೇ ಇರಲಿಲ್ಲ. ಇಂದಿಗೆ ಹದಿನೇಳು ಸಂಜೆ ಆಯಿತು, ಅದೇ ಅಂಕಿ, ಅದೇ ಎಳೆತ. ಮೂರು ಎಂದ ಮೇಲೆ ಸ್ವಲ್ಪ ಹೊತ್ತು ಕೂಸಿನ ಕಾಲ್ಗೆಜ್ಜೆಯ ಸದ್ದು.

ಊರಿಗೆ ಹಬ್ಬ ಬಂದಂತಾಗಿದೆ. ಅದಕ್ಕೆ ತಲೆಕೆಟ್ಟಿದೆ, ಒಂದೇ ಅಂಕಿ ಹಿಡಿದು ಕೂತಿದೆ, ಅದೊಂದನ್ನು ಬಿಟ್ಟು ಹಂಚಿದರೆ ಇನ್ನು ಯಾರಿಗೂ ಭಯವಿಲ್ಲ ಎಂದು ಪಂಚರು ಅಂಕಿಮನೆಗೆ ಬಂದರು. ಮೌನೇಶಪ್ಪ ಕಾಕಾ ಕೋಲು ಕುಟ್ಟಿದರು. “ಇವತ್ತು ಒಂದು ಬಿಡ್ರಿ. ನಾಳೆ ಅದು ಇನ್ನೊಂದು ಹಿಡಿದು ಕೂತ್ರ ಅದನ್ನೂ ಬಿಡ್ರಿ. ಅದು ನಮ್ಮ ಕೈಯಾಗ ಮತ್ತ ಜರಡಿ ಕೊಡಾಕ ಹತ್ತೈತಿ, ನಿಮಗ ಕಾಣವಲ್ದು?” ಪಂಚರು ಗೊಣಗುತ್ತ ಹೋದರು. ನಾನು ಒಂದನ್ನೂ ಬಿಡಲಿಲ್ಲ.

ಅದು ಯಾರನ್ನು ಕರೆಯುತ್ತಿದೆ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಹದಿನೇಳು ಮಧ್ಯಾಹ್ನ ನಾನು ನನ್ನ ಪಾಟಿಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದೇನೆ. ಆ ಆರು ಅಂಕಿ ಬರೆದರಾಯಿತು, ಸಂಜೆಗೆ ಅವಳ ಹತ್ತಿರ ಇರುತ್ತೇನೆ. ಆಸೆಯಾಗಲಿಲ್ಲ ಎಂದರೆ ಬಾಯಲ್ಲಿ ಹುಳ ಬೀಳಲಿ. ಆದರೆ ಇನ್ನೊಮ್ಮೆ ನಾನೇ ಆರಿಸುವುದಿಲ್ಲ ಎಂದು ಬಸಲಿಂಗಪ್ಪನ ಖಾಲಿ ಮನೆಯ ಮುಂದೆ ನಿಂತು ಆಣೆ ಮಾಡಿದ್ದೆ. ದಿನವೂ ಕಲ್ಲು ಕೊಟ್ಟದ್ದನ್ನೇ ಬರೆದೆ. ಸಂಜೆ ಕಿವಿ ಮುಚ್ಚಿಕೊಳ್ಳದೆ ಅವಳ ದನಿ ಕೇಳಿದೆ, ನನ್ನ ಅಂಕಿ ಬೇರೆಯಾಗಿದ್ದಕ್ಕೆ ಅತ್ತೆ, ಬದುಕಿದ್ದಕ್ಕೆ ಅನ್ನ ಬೇಯಿಸಿ ಉಂಡೆ.

ಇವತ್ತು ಮಧ್ಯಾಹ್ನ ಕಲ್ಲು ಟಿಕ್ಕಿಸಿ ಮುಗಿಸಿತು. ಕಂಪ್ಯೂಟರಿನ ಕಾಗದದ ಪಟ್ಟಿಯಲ್ಲಿ ಅಂಕಿಮನೆಯವಳ ಬಾಗಿಲು ಯಾವಾಗಲೂ ಕೊನೆಯ ಸಾಲು. ಚೀಟಿಗಳನ್ನೆಲ್ಲ ಬರೆದು ಮಡಚಿ, ಕೊನೆಯ ಸಾಲಿಗೆ ಬಂದೆ. ಓದಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ.

ಊರಿಗೆಲ್ಲ ಚೀಟಿ ಹಂಚಿ ಮುಗಿಸಿ ಕಾಕಾನ ಕಟ್ಟೆಗೆ ಹೋದೆ. ಅವರ ಅಂಗೈ ಬಿಡಿಸಿ ಬೆರಳಲ್ಲಿ ಆರು ಅಂಕಿ ಬರೆದೆ. ಅವರು ಅಂಗೈ ಮುಚ್ಚಿಕೊಂಡರು.

“ಇದು ಕಲ್ಲಿಂದಾ, ನಿಂದಾ?”

“ಕಲ್ಲಿಂದು ಕಾಕಾ. ಪಟ್ಟಿ ಇನ್ನಾ ಮಷೀನಿನಾಗ ಐತಿ. ಬೇಕಂದ್ರ ಯಾರ ಕಡಿಂದರ ಅಂಗೈ ಮ್ಯಾಲ ಬರೆಸಿ ನೋಡ್ರಿ.”

“ಹತ್ತು ಲಕ್ಷಕ್ಕ ಒಂದು,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. “ಬರಬಾರದಂತ ಏನಿಲ್ಲ. ಯಾವುದು ಬೇಕಾದ್ರೂ ಬರಬಹುದು, ಅದಕ್ಕನ ಅದು ಕಲ್ಲು.” ಆಮೇಲೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಪ್ಪತ್ತು ವರ್ಷ ಒಂದೇ ಮಾತು ಹೇಳಿದ ಮುದುಕ ತಲೆ ತಗ್ಗಿಸಿ ಅಂದರು: “ತಿದ್ದವ್ವಾ. ಇದೊಂದು ಸಲ ತಿದ್ದು. ನಾ ಯಾರಿಗೂ ಹೇಳೂದಿಲ್ಲ.”

“ಬಂದದ್ದು ಬಂದಂಗ, ಕಾಕಾ,” ಎಂದೆ. ಅಂಕಿಮನೆಯ ಕೀಲಿಯನ್ನು ಅವರ ಬಲಗಿಸೆಗೆ ಹಾಕಿದೆ. ಅಲ್ಲಿ ಈಗ ಹುಣಸೆಬೀಜಗಳಿದ್ದವು, ಹತ್ತಿಪ್ಪತ್ತು. ತುಂಗಿಯ ದನಿ ಕೂಗಿದ ಸಂಜೆಗಳ ಲೆಕ್ಕವೋ, ಮುದುಕ ಸುಮ್ಮನೆ ಹಾಕಿಕೊಂಡದ್ದೋ, ಕೇಳಲಿಲ್ಲ.

ಹೆದರಿಕೆಯಾಗುತ್ತಿದೆ. ಸಂತೋಷವೂ ಆಗುತ್ತಿದೆ, ಅದನ್ನು ಯಾರಿಂದ ಮುಚ್ಚಿಡಲಿ? ನಾನು ಆರಿಸಲಿಲ್ಲ. ಅದೂ ಆರಿಸಿಕೊಳ್ಳಲಿಲ್ಲ. ನನ್ನ ಮೇಲೆ ಪ್ರೀತಿಯೂ ಸಿಟ್ಟೂ ಇಲ್ಲದ ಮುಷ್ಟಿಗಾತ್ರದ ಕಲ್ಲೊಂದು ಟಿಕ್ ಅಂದಿತು, ಅಷ್ಟೇ. ಪಾಟಿಯ ಮೇಲೆ ಆರು ಅಂಕಿ ಬರೆದಿದ್ದೇನೆ, ಈ ಸಲ ಏಳು ಸೊಟ್ಟಗಾಗಲಿಲ್ಲ. ಒಲೆಗೆ ನೀರು ಸುರಿದಿದ್ದೇನೆ, ರೊಟ್ಟಿ ಕರಕಾಗುವುದು ಬೇಡ. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ. ನಾನು ಅಗುಳಿ ತೆಗೆದಿಟ್ಟು ಹೊಸ್ತಿಲಲ್ಲಿ ಕೂತಿದ್ದೇನೆ. ಕುಂಚಿಗೆ ಮಡಿಲಲ್ಲಿದೆ. ಹದಿನೇಳು ದಿನದಿಂದ ಕೂಸಿನ ತಲೆಗೆ ಗಾಳಿ ತಾಗಿರಬೇಕು.